ನಾಲ್ಕು ಕೋಟಿ ಅಂಕಿಗಳ ಸಂಖ್ಯೆ: ಅದು ಅವಿಭಾಜ್ಯವೆಂದು ನಂಬುವುದು ಹೇಗೆ?

2024ರ ಅಕ್ಟೋಬರ್ 21ರಂದು ಗಣಿತಲೋಕದಿಂದ ಅಪರೂಪದ ಸುದ್ದಿಯೊಂದು ಹೊರಬಿದ್ದಿತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆಯು ಅವಿಭಾಜ್ಯ ಎಂಬುದೇ ಆ ಸುದ್ದಿ. ಒಂದು ಮತ್ತು ತಾನು, ಇವೆರಡರ ಹೊರತು ಬೇರಾವ ಪೂರ್ಣಾಂಕವೂ ಅದನ್ನು ಶೇಷವಿಲ್ಲದಂತೆ ಭಾಗಿಸಲಾರದು. ಅದರಲ್ಲಿರುವ ಅಂಕಿಗಳು 4,10,24,320. ಪುಟಕ್ಕೆ ಮೂರು ಸಾವಿರ ಅಂಕಿಗಳಂತೆ ಮುದ್ರಿಸಿದರೆ 13,675 ಪುಟಗಳು ಬೇಕಾಗುತ್ತವೆ. ಸೆಕೆಂಡಿಗೊಂದು ಅಂಕಿಯಂತೆ ಹಗಲಿರುಳು ಓದಿದರೂ ಮುಗಿಯಲು 475 ದಿನಗಳು ಹಿಡಿಯುತ್ತವೆ.

ಇದನ್ನು ಪತ್ತೆಹಚ್ಚಿದವರು ಅಮೆರಿಕದ ಸ್ಯಾನ್ ಹೋಸೆ ನಗರದ ಲ್ಯೂಕ್ ಡ್ಯುರಾಂಟ್. ಎನ್‌ವಿಡಿಯಾ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಅವರು, 17 ದೇಶಗಳಲ್ಲಿ ಹರಡಿಕೊಂಡ ದತ್ತಾಂಶ ಕೇಂದ್ರಗಳ ಗ್ರಾಫಿಕ್ಸ್ ಪ್ರೊಸೆಸರ್‌ಗಳನ್ನು ಬಾಡಿಗೆಗೆ ಪಡೆದು ಈ ಶೋಧಕ್ಕೆ ಹಚ್ಚಿದ್ದರು. ಅದಕ್ಕೂ ಮುನ್ನ ದಾಖಲೆ ಹೊಂದಿದ್ದ ಸಂಖ್ಯೆ 2018ರ ಡಿಸೆಂಬರ್‌ನಲ್ಲಿ ದೊರೆತದ್ದು. ಅದರಲ್ಲಿ 2,48,62,048 ಅಂಕಿಗಳಿದ್ದವು. ಸುಮಾರು ಆರು ವರ್ಷಗಳ ಬಿಡುವಿನ ನಂತರ ದಾಖಲೆ ಒಮ್ಮೆಲೇ ಒಂದು ಕೋಟಿ 61 ಲಕ್ಷ ಅಂಕಿಗಳಷ್ಟು ಮುಂದಕ್ಕೆ ಜಿಗಿಯಿತು.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಯಾವ ಮನುಷ್ಯನೂ ಪೂರ್ತಿಯಾಗಿ ಓದದ, ಓದಲಾಗದ ಸಂಖ್ಯೆಯೊಂದಕ್ಕೆ ಭಾಜಕಗಳೇ ಇಲ್ಲವೆಂದು ಖಚಿತವಾಗಿ ಹೇಳುವುದು ಹೇಗೆ? ಶಾಲೆಯಲ್ಲಿ ಕಲಿತ ವಿಧಾನ ಎಲ್ಲರಿಗೂ ನೆನಪಿರುತ್ತದೆ. 97 ಅವಿಭಾಜ್ಯವೇ ಎಂದು ತಿಳಿಯಲು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು, ವರ್ಗಮೂಲದಾಚೆಗೆ ಹೋಗಬೇಕಿಲ್ಲ. ಆದರೆ ಈ ಸಂಖ್ಯೆಯ ವರ್ಗಮೂಲದಲ್ಲಿಯೇ ಎರಡು ಕೋಟಿಗೂ ಹೆಚ್ಚು ಅಂಕಿಗಳಿವೆ. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಯನ್ನು ಬರೆಯಲು ಎಂಬತ್ತು ಚಿಲ್ಲರೆ ಅಂಕಿಗಳು ಸಾಕು ಎಂಬುದನ್ನು ನೆನೆದರೆ, ಒಂದೊಂದಾಗಿ ಭಾಗಿಸಿ ನೋಡುವ ಮಾತು ಅಲ್ಲಿಗೇ ಮುಗಿಯುತ್ತದೆ. ಉತ್ತರವಿರುವುದು ಕಂಪ್ಯೂಟರಿನ ವೇಗದಲ್ಲಲ್ಲ, ಆ ಸಂಖ್ಯೆಯ ರಚನೆಯಲ್ಲಿ.

ಚದುರಂಗದ ಮನೆಗಳಲ್ಲಿ

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ದ್ವಿಗುಣಗೊಳಿಸುತ್ತ ಹೋಗುವ ಕಥೆಯನ್ನು ಕೇಳದವರು ವಿರಳ. ರಾಜನ ಕಣಜ ಬರಿದಾಯಿತೆಂಬಲ್ಲಿಗೆ ಕಥೆ ನಿಲ್ಲುತ್ತದೆ. ಆದರೆ ಕಾಳುಗಳ ಒಟ್ಟು ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎರಡು ಮನೆ ತುಂಬಿದಾಗ ಒಟ್ಟು 3, ಮೂರು ಮನೆಗೆ 7, ನಾಲ್ಕಕ್ಕೆ 15, ಐದಕ್ಕೆ 31. ಪ್ರತಿಬಾರಿಯೂ ಮೊತ್ತವು ಎರಡರ ಒಂದು ಘಾತಕ್ಕಿಂತ ಒಂದು ಕಡಿಮೆ. ಈ ಮೊತ್ತಗಳಲ್ಲಿ ಕೆಲವು ಅವಿಭಾಜ್ಯ, ಹಲವು ಅಲ್ಲ. ಅರವತ್ತನಾಲ್ಕು ಮನೆಗಳೂ ತುಂಬಿದಾಗ ಬರುವ 1,84,46,74,40,73,70,95,51,615 ಐದರಲ್ಲಿ ಕೊನೆಗೊಳ್ಳುವುದರಿಂದ ಅದು ಅವಿಭಾಜ್ಯವಲ್ಲವೆಂದು ನೋಡಿದೊಡನೆ ಹೇಳಬಹುದು. ಇಡೀ ಮಣೆಯ ಮೇಲೆ ಒಟ್ಟು ಮೊತ್ತ ಅವಿಭಾಜ್ಯವಾಗುವುದು 2, 3, 5, 7, 13, 17, 19, 31 ಮತ್ತು 61ನೇ ಮನೆಗಳಲ್ಲಿ ಮಾತ್ರ. ಅರವತ್ತನಾಲ್ಕರಲ್ಲಿ ಒಂಬತ್ತು.

ಇಂತಹ ಅವಿಭಾಜ್ಯಗಳಿಗೆ ಹದಿನೇಳನೇ ಶತಮಾನದ ಫ್ರೆಂಚ್ ಪಾದ್ರಿ ಮರೀನ್ ಮೆರ್ಸೆನ್ ಅವರ ಹೆಸರಿದೆ. 1644ರಲ್ಲಿ ಅವರು 257ರವರೆಗಿನ ಘಾತಸೂಚಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಆ ಪಟ್ಟಿಯಲ್ಲಿ ತಪ್ಪುಗಳಿದ್ದವು. 67 ಮತ್ತು 257ನ್ನು ಅವರು ತಪ್ಪಾಗಿ ಸೇರಿಸಿದ್ದರು. 61, 89, 107ನ್ನು ಬಿಟ್ಟಿದ್ದರು. ಆದರೂ ಹೆಸರು ಅವರದೇ ಉಳಿಯಿತು. ಡ್ಯುರಾಂಟ್ ಕಂಡದ್ದು ಪತ್ತೆಯಾದ 52ನೇ ಮೆರ್ಸೆನ್ ಅವಿಭಾಜ್ಯ. ಅದರ ಕೆಳಗಿನ ಎಲ್ಲ ಘಾತಸೂಚಿಗಳ ಪರಿಶೀಲನೆ, ಮರುಪರಿಶೀಲನೆ ಮುಗಿಯುವವರೆಗೆ ಗಾತ್ರದ ಕ್ರಮದಲ್ಲಿಯೂ ಅದೇ 52ನೆಯದು ಎನ್ನುವಂತಿಲ್ಲ.

ಮೇಲಿನ ಒಂಬತ್ತು ಮನೆಗಳ ಸಂಖ್ಯೆಗಳೆಲ್ಲ ಸ್ವತಃ ಅವಿಭಾಜ್ಯಗಳೇ ಆಗಿರುವುದು ಆಕಸ್ಮಿಕವಲ್ಲ. ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೆರ್ಸೆನ್ ಸಂಖ್ಯೆಗಳೆಲ್ಲ ಕೇವಲ ಒಂದುಗಳ ಸಾಲು: 3 ಎಂದರೆ 11, 7 ಎಂದರೆ 111, 31 ಎಂದರೆ 11111. ಆರು ಒಂದುಗಳ ಸಾಲನ್ನು ತೆಗೆದುಕೊಂಡರೆ ಅದನ್ನು ಮೂರು ಮೂರರ ಎರಡು ಗುಂಪುಗಳಾಗಿ ಒಡೆಯಬಹುದು. 111111 ಎಂಬುದು 111 ಮತ್ತು 1001ರ ಗುಣಲಬ್ಧ. ನಿತ್ಯದ ದಶಮಾನ ಪದ್ಧತಿಯಲ್ಲಿ ಗುಣಿಸಿ ನೋಡಿದರೂ ಇದು ಸರಿಯಾಗಿಯೇ ಬರುತ್ತದೆ. ಸಾಲಿನ ಉದ್ದವನ್ನು ಸಮ ಗುಂಪುಗಳಾಗಿ ಒಡೆಯಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಆದ್ದರಿಂದ ಉದ್ದವೇ ಅವಿಭಾಜ್ಯವಾಗಿರಬೇಕು. 13,62,79,841 ಅಂತಹ ಒಂದು ಅವಿಭಾಜ್ಯ. ಡ್ಯುರಾಂಟ್ ಅವರ ಸಂಖ್ಯೆ ದ್ವಿಮಾನದಲ್ಲಿ ಅಷ್ಟು ಒಂದುಗಳ ಸಾಲು, ಮತ್ತೇನೂ ಅಲ್ಲ.

ಹಾಗೆಂದು ಉದ್ದ ಅವಿಭಾಜ್ಯವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 11 ಅವಿಭಾಜ್ಯ, ಆದರೆ 11 ಮನೆಗಳ ಮೊತ್ತವಾದ 2047 ಎಂಬುದು 23 ಮತ್ತು 89ರ ಗುಣಲಬ್ಧ. ಈ ಎರಡು ಅಪವರ್ತನಗಳನ್ನು ಗಮನಿಸಬೇಕು. 23 ಎಂದರೆ 22ಕ್ಕೆ ಒಂದು ಹೆಚ್ಚು, 89 ಎಂದರೆ 88ಕ್ಕೆ ಒಂದು ಹೆಚ್ಚು. ಎರಡೂ 22ರ ಅಪವರ್ತ್ಯಕ್ಕಿಂತ ಒಂದು ಅಧಿಕ. ಇದು ನಿಯಮ: ಘಾತಸೂಚಿಯು ಎರಡಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, ಮೆರ್ಸೆನ್ ಸಂಖ್ಯೆಯ ಯಾವುದೇ ಅಪವರ್ತನ ಆ ಘಾತಸೂಚಿಯ ಇಮ್ಮಡಿಯ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಲೇಬೇಕು. ಜೊತೆಗೆ ಎಂಟರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು.

ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಈ ನಿಯಮಗಳ ಬಲದಿಂದಲೇ 31ನೇ ಮನೆಯ ಮೊತ್ತ, ಅಂದರೆ 2,14,74,83,647, ಅವಿಭಾಜ್ಯವೆಂದು 1772ರಲ್ಲಿ ತೋರಿಸಿದರು. ಅದರ ವರ್ಗಮೂಲದವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಆದರೆ ನಿಯಮದಂತೆ ಅಪವರ್ತನವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕಾದ್ದರಿಂದ ಪರೀಕ್ಷಿಸಬೇಕಾದವು ನಾನೂರಕ್ಕಿಂತ ಕಡಿಮೆ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಆರಿಸಿಕೊಂಡರೆ ಕೆಲಸ ಇನ್ನೂ ಹಗುರ. ಆ ವೇಳೆಗೆ ಆಯ್ಲರ್ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಈ ಸಂಖ್ಯೆ ಇಂದಿನ ಓದುಗರಿಗೆ ಅಪರಿಚಿತವೇನಲ್ಲ. ಕಂಪ್ಯೂಟರುಗಳು ಚಿಹ್ನೆಯೂ ಸೇರಿದಂತೆ 32 ಬಿಟ್‌ಗಳಲ್ಲಿ ಹಿಡಿದಿಡಬಲ್ಲ ಅತಿ ದೊಡ್ಡ ಧನ ಪೂರ್ಣಾಂಕ ಇದೇ. 2014ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನ ‘ಗಂಗ್ನಂ ಸ್ಟೈಲ್’ ಹಾಡಿನ ವೀಕ್ಷಣೆ ಈ ಮಿತಿಯನ್ನು ದಾಟಿದ ಸುದ್ದಿ ಹಲವರಿಗೆ ನೆನಪಿರಬಹುದು. 2038ರ ಜನವರಿ 19ರಂದು ಹಳೆಯ ಕಂಪ್ಯೂಟರುಗಳ ಗಡಿಯಾರ ಕೆಡಬಹುದೆಂಬ ಆತಂಕಕ್ಕೂ ಕಾರಣ ಇದೇ ಸಂಖ್ಯೆ.

ನಾಲ್ಕರಿಂದ ಆರಂಭಿಸಿ ಸೊನ್ನೆಯವರೆಗೆ

ಆಯ್ಲರ್ ವಿಧಾನವೂ ದೊಡ್ಡ ಸಂಖ್ಯೆಗಳ ಮುಂದೆ ಸೋಲುತ್ತದೆ. ದಾರಿ ತೋರಿದವರು ಫ್ರಾನ್ಸಿನ ಎದುವಾರ್ ಲ್ಯೂಕಾ. 1876ರಲ್ಲಿ ಅವರು, ಭಾಗಾಕಾರವೇ ಇಲ್ಲದ ಪರೀಕ್ಷೆಯಿಂದ, ಎರಡರ 127ನೇ ಘಾತಕ್ಕಿಂತ ಒಂದು ಕಡಿಮೆಯಾದ 39 ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯವೆಂದು ಸಾರಿದರು. ಕೈಲೆಕ್ಕದ ಕಾಲದಲ್ಲಿ ಅದಕ್ಕಿಂತ ದೊಡ್ಡ ಮೆರ್ಸೆನ್ ಅವಿಭಾಜ್ಯ ಯಾರಿಗೂ ದೊರೆಯಲಿಲ್ಲ. ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ಈ ಪರೀಕ್ಷೆಯನ್ನು 1930ರ ಸುಮಾರಿಗೆ ಇಂದಿನ ಸರಳ ರೂಪಕ್ಕೆ ತಂದರು. ಅದು ಎಷ್ಟು ಸರಳವೆಂದರೆ ಹೈಸ್ಕೂಲ್ ವಿದ್ಯಾರ್ಥಿಯೂ ಮಾಡಬಹುದು.

4ರಿಂದ ಆರಂಭಿಸಬೇಕು. ಅದರ ವರ್ಗ ಮಾಡಿ 2ನ್ನು ಕಳೆಯಬೇಕು. ಬಂದದ್ದನ್ನು ಪರೀಕ್ಷೆಗೊಳಪಟ್ಟ ಮೆರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮತ್ತೆ ವರ್ಗ, ಮತ್ತೆ ಎರಡು ಕಳೆ, ಮತ್ತೆ ಶೇಷ. ಘಾತಸೂಚಿಗಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ.

127ನ್ನು ತೆಗೆದುಕೊಳ್ಳೋಣ. ಇದು ಎರಡರ ಏಳನೇ ಘಾತಕ್ಕಿಂತ ಒಂದು ಕಡಿಮೆ. ಆದ್ದರಿಂದ ಐದು ಹೆಜ್ಜೆಗಳು. ನಾಲ್ಕರ ವರ್ಗ 16, ಎರಡು ಕಳೆದರೆ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194, 127ರಿಂದ ಭಾಗಿಸಿದರೆ ಶೇಷ 67. ಇದೇ ಕ್ರಮದಲ್ಲಿ ಮುಂದುವರಿದರೆ 42, ಬಳಿಕ 111. ಕೊನೆಯ ಹೆಜ್ಜೆಯಲ್ಲಿ 111ರ ವರ್ಗ 12,321. ಎರಡು ಕಳೆದರೆ 12,319. ಇದು ಸರಿಯಾಗಿ 127ರ 97ರಷ್ಟು. ಶೇಷ ಸೊನ್ನೆ, 127 ಅವಿಭಾಜ್ಯ. ಇದೇ ಲೆಕ್ಕವನ್ನು 2047ಕ್ಕೆ ಒಂಬತ್ತು ಹೆಜ್ಜೆ ಮಾಡಿದರೆ ಕೊನೆಗೆ ಉಳಿಯುವುದು 1736. ಆದ್ದರಿಂದ 2047 ಅವಿಭಾಜ್ಯವಲ್ಲ.

ಇಲ್ಲಿ ಸೂಕ್ಷ್ಮವಾದ ಒಂದು ಅಂಶ ಅಡಗಿದೆ. 1736 ಎಂಬ ಉತ್ತರವು 2047ಕ್ಕೆ ಅಪವರ್ತನಗಳಿವೆ ಎಂದಷ್ಟೇ ಹೇಳುತ್ತದೆ. ಅವು 23 ಮತ್ತು 89 ಎಂದು ಹೇಳುವುದಿಲ್ಲ. ಒಡೆಯುತ್ತದೆಂದು ತಿಳಿಯುವುದು ಬೇರೆ, ಒಡೆದು ತೋರಿಸುವುದು ಬೇರೆ. ಮೆರ್ಸೆನ್ ಪಟ್ಟಿಯಲ್ಲಿದ್ದ 67ರ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲಿಯೇ ಹೇಳಿದ್ದರು. ಅದರ ಅಪವರ್ತನಗಳು ತಿಳಿಯಲು 27 ವರ್ಷಗಳು ಬೇಕಾದವು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅವರು 19,37,07,721 ಮತ್ತು 7,61,83,82,57,287 ಎಂಬ ಎರಡು ಸಂಖ್ಯೆಗಳನ್ನು ಮುಂದಿಟ್ಟರು. ಅವರು ಒಂದು ಮಾತೂ ಆಡದೆ ಕಪ್ಪು ಹಲಗೆಯ ಮೇಲೆ ಗುಣಿಸಿ ತೋರಿಸಿದರು, ಸಭೆ ಎದ್ದು ಚಪ್ಪಾಳೆ ತಟ್ಟಿತು ಎಂಬ ಕಥೆ ಗಣಿತಜ್ಞರ ವಲಯದಲ್ಲಿ ಪ್ರಚಲಿತ. ಕಥೆಗೆ ಒಂದಿಷ್ಟು ಬಣ್ಣ ಸೇರಿರಬಹುದು. ಗುಣಾಕಾರ ಮಾತ್ರ ನಿಜ.

ಒಂದು ಬಿಟ್ ತಪ್ಪಿದರೆ

ಹೊಸ ಸಂಖ್ಯೆಗೆ ಲ್ಯೂಕಾ–ಲೆಹ್ಮರ್ ಪರೀಕ್ಷೆ ನಡೆಸಲು 13,62,79,839 ಹೆಜ್ಜೆಗಳು ಬೇಕು. ಪ್ರತಿ ಹೆಜ್ಜೆಯಲ್ಲಿಯೂ ಸುಮಾರು ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯೊಂದರ ವರ್ಗ ಮಾಡಬೇಕು. ಶಾಲೆಯ ಗುಣಾಕಾರದಂತೆ ಅಂಕಿಗೆ ಅಂಕಿ ಗುಣಿಸಿದರೆ ಒಂದೊಂದು ಹೆಜ್ಜೆಗೂ ಸಾವಿರಕ್ಕೂ ಹೆಚ್ಚು ಲಕ್ಷ ಕೋಟಿ ಗುಣಾಕಾರಗಳಾಗುತ್ತವೆ. ಧ್ವನಿ ಮತ್ತು ಚಿತ್ರಗಳ ಸಂಸ್ಕರಣೆಗೆ ಬಳಕೆಯಾಗುವ ‘ಫಾಸ್ಟ್ ಫೂರಿಯೆ ಟ್ರಾನ್ಸ್‌ಫಾರ್ಮ್’ ಎಂಬ ಗಣಿತ ತಂತ್ರ ಈ ಶ್ರಮವನ್ನು ಲಕ್ಷಾಂತರ ಪಟ್ಟು ಇಳಿಸುತ್ತದೆ. ಗ್ರಾಫಿಕ್ಸ್ ಪ್ರೊಸೆಸರ್‌ಗಳು ಪ್ರಬಲವಾಗಿರುವುದೂ ಇಂತಹ ಲೆಕ್ಕದಲ್ಲೇ.

ಶೇಷ ಹುಡುಕುವ ಕೆಲಸವಂತೂ ಬಹುತೇಕ ಪುಕ್ಕಟೆ. 1,23,456ನ್ನು 999ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ತಿಳಿಯಲು ಭಾಗಿಸಬೇಕಿಲ್ಲ. 123 ಮತ್ತು 456ನ್ನು ಕೂಡಿದರೆ 579 ಎಂದು ಉತ್ತರ ಬರುತ್ತದೆ. ದಶಮಾನದಲ್ಲಿ ಒಂಬತ್ತುಗಳ ಸಾಲಿಗಿರುವ ಈ ಗುಣ ದ್ವಿಮಾನದಲ್ಲಿ ಒಂದುಗಳ ಸಾಲಿಗಿದೆ. ಉದ್ದನೆಯ ಸಂಖ್ಯೆಯನ್ನು ಎರಡು ತುಂಡು ಮಾಡಿ ಕೂಡಿದರಾಯಿತು. ದಾಖಲೆಯ ಅವಿಭಾಜ್ಯಗಳು ಬಹುತೇಕ ಯಾವಾಗಲೂ ಮೆರ್ಸೆನ್ ಕುಲದವೇ ಆಗಿರುವುದಕ್ಕೆ ಈ ಅನುಕೂಲಗಳೇ ಕಾರಣ. ಅವು ಸಂಖ್ಯೆಯಲ್ಲಿ ಹೆಚ್ಚಿವೆಯೆಂದಲ್ಲ, ಪರೀಕ್ಷಿಸಲು ಸುಲಭವೆಂದು.

ಆದರೆ ವಾರಗಟ್ಟಲೆ ನಡೆಯುವ ಲೆಕ್ಕದ ಮಧ್ಯೆ ಎಲ್ಲೋ ಒಂದು ಬಿಟ್ ತಪ್ಪಿದರೂ ಅಂತಿಮ ಉತ್ತರ ಹಾಳು. ಸ್ಮೃತಿಕೋಶದ ದೋಷ, ಅತಿಯಾದ ಬಿಸಿ, ವಿದ್ಯುತ್ ಏರಿಳಿತ ಯಾವುದಾದರೂ ಸಾಕು. ನಿಜವಾದ ಅವಿಭಾಜ್ಯವೊಂದು ತಪ್ಪು ಲೆಕ್ಕದಿಂದಾಗಿ ಕೈತಪ್ಪಿಹೋದರೆ ಅದು ಯಾರ ಗಮನಕ್ಕೂ ಬಾರದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ, ಸ್ವಯಂಸೇವಕರ ಕಂಪ್ಯೂಟರುಗಳಿಂದ ನಡೆಯುವ ‘ಗಿಂಪ್ಸ್’ ಯೋಜನೆಯು ಬಹುಕಾಲ ಪ್ರತಿ ಲೆಕ್ಕವನ್ನೂ ಎರಡು ಬಾರಿ, ಬೇರೆ ಬೇರೆ ಯಂತ್ರಗಳಲ್ಲಿ ಮಾಡಿಸುತ್ತಿದ್ದುದು ಇದೇ ಕಾರಣಕ್ಕೆ.

ಈಗ ಮೊದಲು ನಡೆಯುವುದು ಫರ್ಮಾ ಪರೀಕ್ಷೆ. 3ನ್ನು ಹೊರತುಪಡಿಸಿ ಯಾವುದೇ ಅವಿಭಾಜ್ಯವನ್ನು ತೆಗೆದುಕೊಂಡು, ಮೂರನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೇರಿಸಿ ಅದರಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು. ಇದರ ವಿಲೋಮ ಮಾತ್ರ ಸದಾ ನಿಜವಲ್ಲ. 91 ಎಂಬುದು 7 ಮತ್ತು 13ರ ಗುಣಲಬ್ಧ. ಆದರೂ ಮೂರರ 90ನೇ ಘಾತವನ್ನು 91ರಿಂದ ಭಾಗಿಸಿದರೆ ಶೇಷ 1 ಬಂದು ಮೋಸ ಮಾಡುತ್ತದೆ. ಆದ್ದರಿಂದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದನ್ನು ‘ಸಂಭಾವ್ಯ ಅವಿಭಾಜ್ಯ’ ಎಂದಷ್ಟೇ ಕರೆಯುತ್ತಾರೆ. ಹಾಗಿದ್ದೂ ಇದನ್ನು ಬಳಸಲು ಬಲವಾದ ಕಾರಣವಿದೆ. ಇಲ್ಲಿ ನಡೆಯುವುದು ಶುದ್ಧ ವರ್ಗೀಕರಣಗಳ ಸರಣಿ; ನಡುವೆ ಎರಡನ್ನು ಕಳೆಯುವ ಅಡ್ಡಿಯಿಲ್ಲ. ಅದರಿಂದಾಗಿ ಲೆಕ್ಕ ನಡೆಯುತ್ತಿರುವಾಗಲೇ ತಪ್ಪನ್ನು ಹಿಡಿಯುವ ಉಪಾಯವೊಂದನ್ನು ರಾಬರ್ಟ್ ಗರ್ಬಿಚ್ 2017ರಲ್ಲಿ ಕಂಡುಕೊಂಡರು. ಜೊತೆಗೆ, ಗೂಢಲಿಪಿಶಾಸ್ತ್ರದಿಂದ ಎರವಲು ಪಡೆದ ತಂತ್ರದ ನೆರವಿನಿಂದ, ಲೆಕ್ಕ ಮುಗಿದಾಗ ಒಂದು ಪ್ರಮಾಣಪತ್ರವನ್ನೂ ಹೊರಡಿಸಬಹುದು. ಅದನ್ನು ಪರಿಶೀಲಿಸಲು ಮೂಲ ಲೆಕ್ಕದ ಅತ್ಯಲ್ಪ ಭಾಗದಷ್ಟು ಶ್ರಮ ಸಾಕು.

2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಪ್ರೊಸೆಸರ್ ಹೊಸ ಸಂಖ್ಯೆಯನ್ನು ಸಂಭಾವ್ಯ ಅವಿಭಾಜ್ಯವೆಂದು ವರದಿ ಮಾಡಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿದ್ದ ಇನ್ನೊಂದು ಪ್ರೊಸೆಸರ್ ಲ್ಯೂಕಾ–ಲೆಹ್ಮರ್ ಪರೀಕ್ಷೆಯಲ್ಲಿ ಸೊನ್ನೆಯನ್ನು ತಲುಪಿತು. ಬಳಿಕ ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಲ್ಲಿ ಲೆಕ್ಕ ಮತ್ತೆ ಮತ್ತೆ ನಡೆದು, ಎಲ್ಲೆಡೆಯೂ ಅದೇ ಸೊನ್ನೆ ಬಂದ ಮೇಲಷ್ಟೇ ಘೋಷಣೆಯಾಯಿತು.

ಸಾಮಾನ್ಯ ಓದುಗರೂ ಈ ಸಂಖ್ಯೆಯ ಒಂದು ಅಂಕಿಯನ್ನು ಸ್ವತಃ ಪರಿಶೀಲಿಸಬಹುದು. ಎರಡರ ಘಾತಗಳು 2, 4, 8, 6 ಎಂಬ ಅಂಕಿಗಳಲ್ಲಿ ಕೊನೆಗೊಳ್ಳುತ್ತ ಆವರ್ತಿಸುತ್ತವೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಘಾತ 2ರಲ್ಲಿ ಮುಗಿಯಬೇಕು, ಒಂದು ಕಳೆದರೆ ಕೊನೆಯ ಅಂಕಿ 1. ಪ್ರಕಟವಾಗಿರುವ ಸಂಖ್ಯೆ 881694ರಿಂದ ಆರಂಭವಾಗಿ 871551ರಲ್ಲಿ ಕೊನೆಗೊಳ್ಳುತ್ತದೆ.

ಬ್ಯಾಂಕಿಗೆ ಇದರಿಂದ ಏನು?

ದೊಡ್ಡ ಅವಿಭಾಜ್ಯ ಸಿಕ್ಕಾಗಲೆಲ್ಲ ‘ಇದರಿಂದ ಅಂತರ್ಜಾಲದ ವಹಿವಾಟು ಮತ್ತಷ್ಟು ಸುರಕ್ಷಿತ’ ಎಂಬ ಸಾಲು ಸುದ್ದಿಗಳಲ್ಲಿ ಕಾಣಿಸಿಕೊಳ್ಳುವುದುಂಟು. ಅದು ಸರಿಯಲ್ಲ. ಆರ್‌ಎಸ್‌ಎ ಪದ್ಧತಿಯಲ್ಲಿ ಬಳಕೆಯಾಗುವುದು ಸುಮಾರು 300 ಅಂಕಿಗಳ, ಯಾರಿಗೂ ತಿಳಿಯದಂತೆ ಆರಿಸಿದ ಎರಡು ಅವಿಭಾಜ್ಯಗಳು. ಜಗತ್ತಿಗೆಲ್ಲ ತಿಳಿದ ಸಂಖ್ಯೆ ಗುಟ್ಟಾಗಿ ಉಳಿಯುವುದಾದರೂ ಹೇಗೆ? ನಿಜವಾದ ಸಂಬಂಧ ಬೇರೆಯದು. ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಸುಲಭ, ಅಪವರ್ತನಗಳನ್ನು ಹುಡುಕುವುದು ಕಷ್ಟ ಎಂಬ ಅಂತರ ಇದೆಯಲ್ಲ, ಕೋಲ್ ಅವರ ಕಪ್ಪು ಹಲಗೆಯ ಮೇಲೆ ಕಂಡದ್ದು ಅದೇ, ಆರ್‌ಎಸ್‌ಎ ಬೀಗ ನಿಂತಿರುವುದೂ ಅದರ ಮೇಲೆಯೇ. 2020ರ ಫೆಬ್ರುವರಿಯಲ್ಲಿ 250 ಅಂಕಿಗಳ ಅಂತಹ ಒಂದು ಸಂಖ್ಯೆಯನ್ನು ಸಂಶೋಧಕರು ಒಡೆದರು. ಒಂದೇ ಪ್ರೊಸೆಸರ್ ಕೋರ್ ಆ ಕೆಲಸ ಮಾಡಿದ್ದರೆ ಸುಮಾರು 2,700 ವರ್ಷ ಹಿಡಿಯುತ್ತಿತ್ತು.

ಪರೀಕ್ಷೆ ಸುಲಭ ಎಂಬ ಮಾತಿಗೆ ಪೂರ್ಣ ಸೈದ್ಧಾಂತಿಕ ಆಧಾರ ದೊರೆತದ್ದು ಭಾರತದಲ್ಲಿ. 2002ರ ಆಗಸ್ಟ್‌ನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು, ಮೆರ್ಸೆನ್ ಕುಲವಷ್ಟೇ ಅಲ್ಲ, ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನೂ ಮಿತವಾದ ಕಾಲದಲ್ಲಿ, ಯಾವ ಊಹೆಯ ಹಂಗೂ ಇಲ್ಲದೆ ನಿರ್ಣಯಿಸಬಹುದೆಂದು ಸಾಧಿಸಿದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು. ಮೂವರಿಗೂ 2006ರಲ್ಲಿ ಗೋಡೆಲ್ ಪ್ರಶಸ್ತಿ ಸಂದಿತು. ದಾಖಲೆ ಬೇಟೆಗೆ ಮಾತ್ರ ಅವರ ವಿಧಾನ ನಿಧಾನವಾಯಿತು. ಮೆರ್ಸೆನ್ ಸಂಖ್ಯೆಗಳಿಗೆ ಲ್ಯೂಕಾ ದಾರಿಯೇ ಇಂದಿಗೂ ಹತ್ತಿರದ್ದು.

ಹಾಗಾದರೆ ಇಷ್ಟೊಂದು ವಿದ್ಯುತ್ತು, ಹಣ ಏಕೆ? ನೇರ ಉಪಯೋಗವಿಲ್ಲ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಉತ್ತರ. ಆದರೆ ಬೈಪ್ರಾಡಕ್ಟ್‌ಗಳು ಕಡಿಮೆಯೇನಲ್ಲ. 1994ರಲ್ಲಿ ಅಮೆರಿಕದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯಗಳ ಲೆಕ್ಕ ಮಾಡುತ್ತಿದ್ದಾಗ ಪೆಂಟಿಯಮ್ ಚಿಪ್ಪಿನ ಭಾಗಾಕಾರದಲ್ಲಿಯೇ ದೋಷವಿರುವುದು ಬಯಲಾಯಿತು. ಇಂಟೆಲ್ ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆತ್ತಿತು. 2016ರಲ್ಲಿ ಅದೇ ಕಂಪನಿಯ ಸ್ಕೈಲೇಕ್ ಚಿಪ್ಪುಗಳ ಇನ್ನೊಂದು ದೋಷವನ್ನು ಹೊರಗೆಡವಿದ್ದು ಗಿಂಪ್ಸ್ ತಂತ್ರಾಂಶ. ಡ್ಯುರಾಂಟ್ ಅವರಿಗೆ ಸಂದ ಬಹುಮಾನ 3,000 ಡಾಲರ್. ಅದನ್ನು ತಾವು ಓದಿದ ಅಲಬಾಮಾದ ಶಾಲೆಗೆ ಕೊಡುವುದಾಗಿ ಅವರು ತಿಳಿಸಿದರು.

ಪ್ರತಿಯೊಂದು ಮೆರ್ಸೆನ್ ಅವಿಭಾಜ್ಯದ ಬೆನ್ನಿಗೂ ಒಂದು ಪರಿಪೂರ್ಣ ಸಂಖ್ಯೆ ಬರುತ್ತದೆ ಎಂಬುದು ಯೂಕ್ಲಿಡ್ ಕಾಲದಿಂದಲೂ ತಿಳಿದದ್ದು. ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ ಸಂಖ್ಯೆಯದು. 6 ಎಂದರೆ 1, 2, 3ರ ಮೊತ್ತ, 28 ಎಂದರೆ 1, 2, 4, 7, 14ರ ಮೊತ್ತ. ಹೊಸ ಅವಿಭಾಜ್ಯದಿಂದ ಹುಟ್ಟಿದ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿಗಳು. ಸಮ ಪರಿಪೂರ್ಣಗಳೆಲ್ಲ ಹೀಗೆಯೇ ಹುಟ್ಟುತ್ತವೆಂದು ಆಯ್ಲರ್ ಸಾಧಿಸಿದರು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇನ್ನೂ ಬಗೆಹರಿದಿಲ್ಲ.

ಅವಿಭಾಜ್ಯಗಳು ಅನಂತವೆಂದು ಯೂಕ್ಲಿಡ್ ತೋರಿಸಿದ್ದರೂ ಮೆರ್ಸೆನ್ ಅವಿಭಾಜ್ಯಗಳು ಅನಂತವೇ ಎಂಬುದು ಯಾರಿಗೂ ಗೊತ್ತಿಲ್ಲ. ಹತ್ತು ಕೋಟಿ ಅಂಕಿಗಳ ಅವಿಭಾಜ್ಯ ಕಂಡವರಿಗೆ ಒಂದೂವರೆ ಲಕ್ಷ ಡಾಲರ್ ಬಹುಮಾನವನ್ನು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಘೋಷಿಸಿದೆ. ಅದಾದರೂ ಕೈಗೆಟುಕೀತು. ಎರಡರಿಂದ ಆರಂಭಿಸಿ, ಪ್ರತಿ ಸಂಖ್ಯೆಯನ್ನೂ ಘಾತಸೂಚಿಯಾಗಿಸಿಕೊಂಡು ಮುಂದಿನ ಮೆರ್ಸೆನ್ ಸಂಖ್ಯೆಯನ್ನು ಕಟ್ಟುತ್ತ ಹೋದರೆ 2, 3, 7, 127, ಅನಂತರ ಲ್ಯೂಕಾ ಅವರ 39 ಅಂಕಿಗಳ ಸಂಖ್ಯೆ ಬರುತ್ತವೆ, ಎಲ್ಲವೂ ಅವಿಭಾಜ್ಯ. ಅದರ ಮುಂದಿನದು ಅವಿಭಾಜ್ಯವೇ? ಆ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂದು ಬರೆಯುವುದಕ್ಕೇ 38 ಅಂಕಿಗಳು ಬೇಕು. ಲ್ಯೂಕಾ–ಲೆಹ್ಮರ್ ಪರೀಕ್ಷೆಯ ಹೆಜ್ಜೆಗಳ ಎಣಿಕೆಗೆ 39 ಅಂಕಿಗಳು. ಸಣ್ಣ ಅಪವರ್ತನಗಳಿಗಾಗಿ ಹುಡುಕಾಟ ನಡೆದಿದೆ, ಒಂದೂ ಸಿಕ್ಕಿಲ್ಲ.